ಕೃಷಿಯೋ, ತೋಟಗಾರಿಕೆಯೋ, ಅರಣ್ಯವೋ: ಉತ್ತರ ಕನ್ನಡದ ಪಿಯು ವಿದ್ಯಾರ್ಥಿಗೆ ಯಾವ ಪದವಿ?

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುವುದು) ಶುರುವಾದ ವಾರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ಶಿರಸಿಯಲ್ಲೇ ಕಾಲೇಜಿದೆ, ಮನೆಯೂಟ ಸಿಗುತ್ತದೆ, ಅರಣ್ಯವೋ ತೋಟಗಾರಿಕೆಯೋ ಯಾವುದಾದರೊಂದು ಸಿಕ್ಕರೆ ಸಾಕು, ಎಲ್ಲವೂ ‘ಅಗ್ರಿ’ಯೇ ತಾನೆ? ಈ ಕೊನೆಯ ಮಾತೇ ಎಡವಟ್ಟು. ನಾಲ್ಕು ವರ್ಷ ಕಳೆದು ಸರ್ಕಾರಿ ಹುದ್ದೆ ತುಂಬುವ ಕೆಪಿಎಸ್‌ಸಿ ಅಧಿಸೂಚನೆ ಬಂದಾಗ ಅಲ್ಲಿ ನೋಡುವುದು ಪದವಿ ಪ್ರಮಾಣಪತ್ರದ ಮೇಲಿನ ಹೆಸರನ್ನು. ಕೃಷಿ ಇಲಾಖೆಯ ಹುದ್ದೆಗೆ ತೋಟಗಾರಿಕೆ ಪದವಿ ನಡೆಯುವುದಿಲ್ಲ, ತೋಟಗಾರಿಕೆ ಇಲಾಖೆಯ ಹುದ್ದೆಗೆ ಅರಣ್ಯ ಪದವಿ ನಡೆಯುವುದಿಲ್ಲ. ಹಾಗಾಗಿ ಕಾಲೇಜು ಎಷ್ಟು ದೂರ ಎಂದು ನೋಡುವ ಮೊದಲು ಆ ಪದವಿ ಯಾವ ಹುದ್ದೆಗಳಿಗೆ ಅರ್ಹತೆ ಕೊಡುತ್ತದೆ ಎಂದು ನೋಡಬೇಕು.

ಯಾವುದು ಎಲ್ಲಿದೆ

ಶಿರಸಿಯಲ್ಲಿ ಎರಡು ಕಾಲೇಜುಗಳಿವೆ, ಎರಡೂ ಬೇರೆ ಬೇರೆ ವಿಶ್ವವಿದ್ಯಾಲಯದವು. ಅರಣ್ಯ ಮಹಾವಿದ್ಯಾಲಯ 1986ರಲ್ಲಿ ಶುರುವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ತೋಟಗಾರಿಕೆ ಮಹಾವಿದ್ಯಾಲಯ 2008ರಲ್ಲಿ ಹುಟ್ಟಿದ ಬಾಗಲಕೋಟೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಿ.ಎಸ್ಸಿ. ಕೃಷಿ ಬೇಕೆಂದರೆ ಮಾತ್ರ ಜಿಲ್ಲೆ ಬಿಟ್ಟು ಹೊರಡಬೇಕು. ಹತ್ತಿರದ್ದು ಧಾರವಾಡ. ಅದೇ ವಿವಿಯ ಹನುಮನಮಟ್ಟಿ, ವಿಜಯಪುರ ಕಾಲೇಜುಗಳೂ ಇವೆ. ದಕ್ಷಿಣಕ್ಕೆ ಹೋದರೆ ಶಿವಮೊಗ್ಗ ಜಿಲ್ಲೆಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ. ಅದರ ಮುಖ್ಯ ಆವರಣ ಇರುವುದು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ. ಸಿದ್ದಾಪುರದವರಿಗೆ ಧಾರವಾಡಕ್ಕಿಂತ ಅದೇ ಹತ್ತಿರ. ಬೆಂಗಳೂರು ಮತ್ತು ರಾಯಚೂರು ಕೃಷಿ ವಿವಿಗಳ ಕಾಲೇಜುಗಳು ಬೇರೆ ಇವೆ.

ಕರಾವಳಿಯವರಿಗೆ ಇನ್ನೊಂದು ದಾರಿ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆ ಪದವಿ. ಅದು ಕಾರವಾರದಲ್ಲಿಲ್ಲ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿದೆ. ಕಾರವಾರದ ಕೋಡಿಬಾಗದಲ್ಲಿರುವುದು ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ. ಸಾಮಾನ್ಯ ಬಿ.ಎಸ್ಸಿ. ಮುಗಿಸಿ ಅಲ್ಲಿ ಎಂ.ಎಸ್ಸಿ. ಮಾಡಿದವರು ಸಂಶೋಧನೆಗೆ, ಪರಿಸರ ಸಮೀಕ್ಷೆಗೆ ಹೋಗಬಹುದು. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಹುದ್ದೆಗೆ ಕೇಳುವುದು ಬಿ.ಎಫ್.ಎಸ್ಸಿ.ಯನ್ನು. ಎರಡೂ ಮೀನಿನ ಓದೇ ಎಂದುಕೊಂಡು ಮೋಸ ಹೋದವರು ಕರಾವಳಿಯಲ್ಲಿ ಕಡಿಮೆಯೇನಿಲ್ಲ.

ಸೀಟಿನ ದಾರಿಗಳು

ಸರ್ಕಾರಿ ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಿಇಟಿ ಅಂಕದ ಜೊತೆ ದ್ವಿತೀಯ ಪಿಯು ಅಂಕವೂ ಅರ್ಧ ತೂಕಕ್ಕೆ ಸೇರುವುದರಿಂದ ಬೋರ್ಡ್ ಪರೀಕ್ಷೆಯನ್ನು ಹಗುರಾಗಿ ತೆಗೆದುಕೊಂಡವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಸಿಇಟಿಯಲ್ಲಿ ನಾಲ್ಕೂ ಪತ್ರಿಕೆ ಬರೆದವರಿಗೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಉಳಿಯುವುದು ಕೃಷಿ ಎಂಜಿನಿಯರಿಂಗ್, ಆಹಾರ ತಂತ್ರಜ್ಞಾನದಂಥ ಬಿ.ಟೆಕ್. ಕೋರ್ಸುಗಳು ಮಾತ್ರ.

ಎರಡನೆಯ ದಾರಿ ಕೃಷಿಕರ ಕೋಟಾ. ನಮ್ಮ ಜಿಲ್ಲೆಯವರು ಕೈಯಾರೆ ಕಳೆದುಕೊಳ್ಳುವುದು ಹೆಚ್ಚಾಗಿ ಇದನ್ನೇ. ಕೃಷಿ ವಿವಿಗಳ ಸೀಟಿನಲ್ಲಿ ದೊಡ್ಡ ಪಾಲು ರೈತರ ಮಕ್ಕಳಿಗೆ ಮೀಸಲಿದೆ. ಅದಕ್ಕೆ ಸಿಇಟಿ ಅರ್ಜಿಯಲ್ಲೇ ಗುರುತು ಹಾಕಬೇಕು, ಆಮೇಲೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಸಮಸ್ಯೆ ಎರಡು ಕಡೆ ಬರುತ್ತದೆ. ಮೊದಲನೆಯದು ಕಾಗದಪತ್ರ. ಒಟ್ಟು ಕುಟುಂಬದ ಅಡಿಕೆ ತೋಟದ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಉಳಿದಿರುವುದು ಇಲ್ಲಿ ಮಾಮೂಲು. ತಹಶೀಲ್ದಾರರಿಂದ ಕೃಷಿಕರ ಪ್ರಮಾಣಪತ್ರ ಪಡೆಯುವಾಗ ಅದು ಅಡ್ಡ ಬರುತ್ತದೆ. ಪ್ರಥಮ ಪಿಯು ಮುಗಿದ ಬೇಸಿಗೆಯಲ್ಲೇ ನಾಡಕಚೇರಿಗೆ ಹೋಗಿ ಏನೇನು ಬೇಕು ಎಂದು ವಿಚಾರಿಸಿದರೆ ಖಾತೆ ಬದಲಾವಣೆಗೋ ವಂಶವೃಕ್ಷಕ್ಕೋ ಒಂದು ವರ್ಷ ಸಮಯ ಸಿಗುತ್ತದೆ.

ಎರಡನೆಯದು ಪರೀಕ್ಷೆಯೇ. ಮೇಜಿನ ಮೇಲಿಟ್ಟ ಬೀಜ, ಗೊಬ್ಬರ, ಕಳೆ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ತೋಟದ ಮನೆಯ ಮಕ್ಕಳಿಗೆ ಕಾಳುಮೆಣಸು, ಏಲಕ್ಕಿ, ಕೊಯ್ಲಿನ ಉದ್ದ ಕೋಲಾದ ದೋಟಿ ಕಣ್ಣು ಮುಚ್ಚಿದರೂ ಗೊತ್ತು. ಕುಸುಬೆ, ನವಣೆ, ಸಜ್ಜೆ, ಹುಚ್ಚೆಳ್ಳು, ಕೂರಿಗೆ, ಎಡೆಕುಂಟೆ ಬಂದರೆ ತಡವರಿಸುತ್ತಾರೆ. ಇವೆಲ್ಲ ಬಯಲುಸೀಮೆಯ ವಸ್ತು. ಕಲಿಯಲು ಒಂದು ವಾರ ಸಾಕು. ಹುಬ್ಬಳ್ಳಿಯ ಬೀಜದ ಅಂಗಡಿಯಲ್ಲಿ ಒಂದೊಂದು ಮುಷ್ಟಿ ತಂದು ಚಿಕ್ಕ ಪೊಟ್ಟಣಗಳಲ್ಲಿ ಹಾಕಿ ಹೆಸರು ಬರೆದಿಟ್ಟುಕೊಳ್ಳಿ. ಕುಸುಬೆ ಬೆಳ್ಳಗೆ, ಮೂಲೆಮೂಲೆಯಾಗಿ, ನುಣುಪಾಗಿರುತ್ತದೆ. ಹುಚ್ಚೆಳ್ಳು ಕಪ್ಪಗೆ, ಸಪೂರ. ಯೂರಿಯಾ ಬಿಳಿಯ ಗುಂಡು ಹರಳು, ಡಿಎಪಿ ಅದಕ್ಕಿಂತ ಗಟ್ಟಿ, ಬಣ್ಣದಲ್ಲಿ ಬೂದುಗಪ್ಪು. ಪೊಟ್ಯಾಷ್ ಕೆಂಪೂ ಇರುತ್ತದೆ, ಬಿಳಿಯೂ ಇರುತ್ತದೆ. ಇಟ್ಟಿಗೆಗೆಂಪು ಕಾಣಲಿಲ್ಲವೆಂದು ಅದನ್ನು ಬೇರೇನೋ ಎಂದು ಬರೆಯಬೇಡಿ. ಮುಂಡಗೋಡ, ಹಳಿಯಾಳದ ಮಕ್ಕಳಿಗೆ ಈ ತೊಂದರೆ ಕಡಿಮೆ, ಅಲ್ಲಿ ಗೋವಿನಜೋಳ, ಹತ್ತಿ, ಕಬ್ಬು ಕಣ್ಣೆದುರೇ ಇರುತ್ತವೆ.

ಮೂರನೆಯದು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಕೋಟಾ. ಕೃಷಿ ವಿವಿಗಳ ಶೇ. 20ರಷ್ಟು ಸೀಟುಗಳನ್ನು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಸಿಯುಇಟಿ ಮೂಲಕ ತುಂಬುತ್ತಾರೆ. ಹೊರರಾಜ್ಯಕ್ಕೆ ಹೋಗಲು ತಯಾರಿದ್ದವರು ಅದನ್ನೂ ಬರೆಯುವುದು ಒಳ್ಳೆಯದು, ಆ ದಾರಿಯಲ್ಲಿ ಬೇರೆ ರಾಜ್ಯಕ್ಕೆ ಹೋದವರಿಗೆ ವಿದ್ಯಾರ್ಥಿವೇತನವೂ ಇದೆ.

ಖಾಸಗಿ ಕಾಲೇಜಿನ ಸೀಟು ದುಡ್ಡು ಕೊಟ್ಟು ಕೊಳ್ಳುವವರು ಎರಡು ವಿಷಯ ನೋಡಲೇಬೇಕು. ಆ ಕೋರ್ಸಿಗೆ ಐಸಿಎಆರ್ ಮಾನ್ಯತೆ ಇದೆಯೇ? ಪ್ರಮಾಣಪತ್ರದ ಮೇಲೆ ‘ಬಿ.ಎಸ್ಸಿ. (ಆನರ್ಸ್) ಕೃಷಿ’ ಎಂದೇ ಅಚ್ಚಾಗುತ್ತದೆಯೇ? ಮೂರು ವರ್ಷದ, ಹೆಸರಿನಲ್ಲಿ ಕೃಷಿಯ ನೆರಳಿರುವ ಬಿ.ಎಸ್ಸಿ. ಪದವಿ ನಾಲ್ಕು ವರ್ಷದ ವೃತ್ತಿಪರ ಪದವಿಗೆ ಸಮವಲ್ಲ. ಕರಪತ್ರದಲ್ಲಿ ಹೇಗೇ ಬರೆದಿರಲಿ, ಅರ್ಜಿ ತಿರಸ್ಕೃತವಾಗುವುದು ಇಲ್ಲೇ.

ನಾಲ್ಕು ವರ್ಷ ಏನು ಓದುತ್ತಾರೆ

ಮೂರೂ ಪದವಿ ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಮಾಧ್ಯಮ ಇಂಗ್ಲಿಷ್. ಮೊದಲ ವರ್ಷ ಮಣ್ಣು, ಸಸ್ಯಶಾಸ್ತ್ರ, ತಳಿಶಾಸ್ತ್ರ, ಅಂಕಿಅಂಶ ಎಲ್ಲರಿಗೂ ಹತ್ತಿರಹತ್ತಿರ ಒಂದೇ. ವ್ಯತ್ಯಾಸ ಗೊತ್ತಾಗುವುದು ಆಮೇಲೆ.

ಅಡಿಕೆಯ ಕೊಳೆ ರೋಗವನ್ನೇ ತೆಗೆದುಕೊಳ್ಳಿ. ಕೃಷಿ ವಿದ್ಯಾರ್ಥಿಗೆ ಅದು ಸಸ್ಯರೋಗಶಾಸ್ತ್ರದಲ್ಲಿ ಬರುವ ಹತ್ತಾರು ರೋಗಗಳಲ್ಲಿ ಒಂದು. ಫೈಟಾಫ್ತೋರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯಿಂದ ಬರುತ್ತದೆ, ಮುಂದಿನ ಪುಟದಲ್ಲಿ ಆಲೂಗಡ್ಡೆಯ ಅಂಗಮಾರಿ. ತೋಟಗಾರಿಕೆ ವಿದ್ಯಾರ್ಥಿಗೆ ಪ್ಲಾಂಟೇಶನ್ ಬೆಳೆ, ಸಾಂಬಾರ ಬೆಳೆಗಳ ಮೇಲೆಯೇ ಪ್ರತ್ಯೇಕ ಪತ್ರಿಕೆಗಳಿರುತ್ತವೆ, ಅಡಿಕೆಗೆ ಅಲ್ಲಿ ಹೆಚ್ಚು ಜಾಗ. ಕೊಳೆ ತಡೆಯಲು ಹೊಡೆಯುವ ಶೇ. 1ರ ಬೋರ್ಡೋ ಮಿಶ್ರಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಅಳತೆ ಇಬ್ಬರಿಗೂ ಬಾಯಿಪಾಠ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ತಿರುಗಾಮುರುಗ ಮಾಡಬಾರದು, ಮುಳುಗಿಸಿದ ಕಬ್ಬಿಣದ ಚಾಕುವಿನ ಮೇಲೆ ಕೆಂಗಂದು ತಾಮ್ರ ಹಿಡಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ, ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು ಎಂಬುದು ಕೈಗೆ ಹತ್ತುವುದು ಮಳೆಗಾಲದ ಮೊದಲು ತೋಟಕ್ಕಿಳಿದಾಗಲೇ. ಅರಣ್ಯ ವಿದ್ಯಾರ್ಥಿ ಇದನ್ನೆಲ್ಲ ಮೇಲೆಮೇಲೆ ಮುಟ್ಟಿ ಹೋಗುತ್ತಾನೆ. ಅವನ ಓದು ಮರ ಬೆಳೆಸುವ ವಿಧಾನ, ಮರದ ಅಳತೆ, ಕಟ್ಟಿಗೆಯ ಗುಣ, ವನ್ಯಜೀವಿ, ಕೃಷಿ ಅರಣ್ಯ, ದೂರಸಂವೇದಿ ನಕ್ಷೆಗಳ ಸುತ್ತ.

ಕೃಷಿ ಪದವಿಯ ಹರವು ದೊಡ್ಡದು, ಆಳ ಕಡಿಮೆ. ಬೇಸಾಯ, ಕೀಟ, ರೋಗ, ಮಣ್ಣು, ಅರ್ಥಶಾಸ್ತ್ರ, ವಿಸ್ತರಣೆ (ರೈತರಿಗೆ ಹೊಸ ತಿಳಿವಳಿಕೆ ತಲುಪಿಸುವ ಕೆಲಸ) ಎಲ್ಲದರಲ್ಲೂ ಕಾಲಿಡಿಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಈ ಹರವೇ ಲಾಭ. ತೋಟಗಾರಿಕೆಯಲ್ಲಿ ಕಸಿ, ನರ್ಸರಿ, ಹಸಿರುಮನೆ, ಕೊಯ್ಲೋತ್ತರ ಸಂಸ್ಕರಣೆ ಹೆಚ್ಚು, ಕೈಕೆಲಸ ಬರುತ್ತದೆ.

ಕೊನೆಯ ವರ್ಷ ಗ್ರಾಮ ವಾಸ್ತವ್ಯ ಇರುತ್ತದೆ. ವಿದ್ಯಾರ್ಥಿಗಳು ಗುಂಪಾಗಿ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡಬೇಕು, ಮಣ್ಣು ಪರೀಕ್ಷೆ ಮಾಡಬೇಕು, ಪ್ರಾತ್ಯಕ್ಷಿಕೆ ನಡೆಸಬೇಕು. ಹಲವರು ಇದನ್ನು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಮಾಡಿ ಮುಗಿಸುತ್ತಾರೆ. ಮುಂದೆ ಬ್ಯಾಂಕಿನ ಸಂದರ್ಶನದಲ್ಲಿ ಆ ಊರಿನ ಬೆಳೆ ಸಾಲದ ಲೆಕ್ಕ ಕೇಳಿದರೆ ಬಾಯಿ ಕಟ್ಟುತ್ತದೆ.

ಸರ್ಕಾರಿ ಹುದ್ದೆ: ಲೆಕ್ಕ ಯಾವ ಕಡೆ ವಾಲುತ್ತದೆ

ಹುದ್ದೆಗಳ ಸಂಖ್ಯೆಯಲ್ಲಿ ಕೃಷಿ ಪದವಿಯೇ ಮುಂದೆ. 2024ರಲ್ಲಿ ಕೆಪಿಎಸ್‌ಸಿ ಕೃಷಿ ಇಲಾಖೆಗೆ ಕರೆದದ್ದು 945 ಹುದ್ದೆ: ಕೃಷಿ ಅಧಿಕಾರಿ 128, ಸಹಾಯಕ ಕೃಷಿ ಅಧಿಕಾರಿ 817. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರುವುದರಿಂದ ಈ ಇಲಾಖೆಗೆ ಕೆಳಹಂತದಲ್ಲಿ ಪದವೀಧರರು ಬೇಕೇ ಬೇಕು. ಆದರೆ ಈ ಸಂಖ್ಯೆ ನೋಡಿ ಮರುಳಾಗಬೇಡಿ. ಇಂಥ ದೊಡ್ಡ ನೇಮಕಾತಿ ವರ್ಷವರ್ಷ ಬರುವುದಲ್ಲ, ಬಂದಾಗ ಹಿಂದಿನ ಹಲವು ಬ್ಯಾಚಿನವರೆಲ್ಲ ಒಟ್ಟಿಗೆ ಬರೆಯುತ್ತಾರೆ. ಅಧಿಸೂಚನೆಯಿಂದ ಆದೇಶದವರೆಗೆ ಹೋಗುವ ಕಾಲವೂ ಕಡಿಮೆಯಲ್ಲ. ಆ ನಡುವಿನ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಏನು ಎಂಬ ಉತ್ತರ ಇಟ್ಟುಕೊಂಡೇ ಕೆಪಿಎಸ್‌ಸಿಗೆ ಕೂರಬೇಕು.

ತೋಟಗಾರಿಕೆ ಇಲಾಖೆ ಚಿಕ್ಕದು. ಹುದ್ದೆ ಕಡಿಮೆ, ಸ್ಪರ್ಧಿಗಳೂ ಕಡಿಮೆ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ರೈತರಿಗೆ ಹೆಚ್ಚು ಕೆಲಸಕ್ಕೆ ಬರುವುದು ಇದೇ ಇಲಾಖೆ. ಇಲ್ಲಿನ ಸಹಾಯಕ ತೋಟಗಾರಿಕಾ ಅಧಿಕಾರಿಗೆ ಅಡಿಕೆ ಎಲೆಚುಕ್ಕೆ, ಕಾಳುಮೆಣಸಿನ ಸೊರಗು ರೋಗ ದಿನನಿತ್ಯದ ಮಾತು.

ಅರಣ್ಯ ಪದವಿಯ ವಿಷಯ ಹೆಚ್ಚು ಸೂಕ್ಷ್ಮ. ಎಲ್ಲರ ಕಣ್ಣೂ ವಲಯ ಅರಣ್ಯಾಧಿಕಾರಿ ಹುದ್ದೆಯ ಮೇಲೆ. ಅದರ ನೇರ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಮೀಸಲು ಪಾಲಿದೆ, ಆ ಪಾಲು ಎಷ್ಟಿರಬೇಕು ಎಂಬುದೇ ಜಗಳ. ನಿಯಮ ಬದಲಾದಾಗಲೆಲ್ಲ ಶಿರಸಿ, ಪೊನ್ನಂಪೇಟೆ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದುಂಟು. ಈ ಒಂದು ಹುದ್ದೆ ನಂಬಿ ಪದವಿ ಆರಿಸಿಕೊಳ್ಳುವುದು ಜೂಜು. ಕಾಡಿನ ಕೆಲಸವೇ ಬೇಕು ಎಂಬ ಹಟ ಇದ್ದವರಿಗೆ ಮಾತ್ರ ಅರಣ್ಯ ಪದವಿ ಎಂಬುದು ನಮ್ಮ ಅಭಿಪ್ರಾಯ. ಕೇಂದ್ರದ ಭಾರತೀಯ ಅರಣ್ಯ ಸೇವೆಗೆ ಕೃಷಿ, ಅರಣ್ಯ ಎರಡೂ ಪದವಿ ನಡೆಯುತ್ತವೆ. ಅದರಲ್ಲಿ ಗಂಡಸರಿಗೆ ನಾಲ್ಕು ಗಂಟೆಯಲ್ಲಿ 25 ಕಿ.ಮೀ., ಹೆಂಗಸರಿಗೆ 14 ಕಿ.ಮೀ. ನಡಿಗೆ ಪರೀಕ್ಷೆ ಇದೆ. ಐಎಎಸ್‌ಗೆ ಬರೆಯುವವರು ಗಮನಿಸಬೇಕಾದ್ದು: ಸಿವಿಲ್ ಸರ್ವೀಸಸ್ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕೃಷಿ ಇದೆ, ಅರಣ್ಯಶಾಸ್ತ್ರ ಇಲ್ಲ.

ಬ್ಯಾಂಕು ಮಾತ್ರ ಎಲ್ಲರನ್ನೂ ಸಮಾನವಾಗಿ ನೋಡುತ್ತದೆ. ಸರ್ಕಾರಿ ಬ್ಯಾಂಕುಗಳಿಗೆ ನೌಕರರನ್ನು ಆರಿಸುವ ಐಬಿಪಿಎಸ್ ಸಂಸ್ಥೆ ನಡೆಸುವ ಕೃಷಿ ಕ್ಷೇತ್ರಾಧಿಕಾರಿ ಪರೀಕ್ಷೆಗೆ ಕೃಷಿ, ತೋಟಗಾರಿಕೆ, ಅರಣ್ಯ, ಮೀನುಗಾರಿಕೆ, ಪಶುವೈದ್ಯಕೀಯ, ಕೃಷಿ ಎಂಜಿನಿಯರಿಂಗ್ ಎಲ್ಲ ನಾಲ್ಕು ವರ್ಷದ ಪದವಿಗಳೂ ಅರ್ಹ. ವಯಸ್ಸು 20ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ. ಶುರುವಿನ ಮೂಲವೇತನ 48,480 ರೂಪಾಯಿ. ಪ್ರತಿವರ್ಷ ಕರೆಯುತ್ತಾರೆ ಎಂಬುದೇ ಇದರ ದೊಡ್ಡ ಗುಣ. ತೊಡಕು ಎರಡು: ವೃತ್ತಿ ಜ್ಞಾನದ ಪತ್ರಿಕೆಯಲ್ಲಿ ಬೇಸಾಯದ ಪ್ರಶ್ನೆಗಳೇ ಹೆಚ್ಚಿರುವುದರಿಂದ ಅರಣ್ಯ, ಮೀನುಗಾರಿಕೆಯವರು ಹೊಸದಾಗಿ ಓದಬೇಕು, ಕೆಲಸ ಸಿಕ್ಕ ಮೇಲೆ ಬಿಹಾರಕ್ಕೋ ಒಡಿಶಾಕ್ಕೋ ಹಾಕಿದರೆ ಹೋಗಬೇಕು. ಊರು ಬಿಡಲು ಮನಸ್ಸಿಲ್ಲದವರು ಪರೀಕ್ಷೆಯಲ್ಲಿ ಗೆದ್ದು ಕೆಲಸ ಬಿಟ್ಟು ಬರುವುದು ಅಪರೂಪವಲ್ಲ.

ಪಾಠ ಮಾಡುವ, ಸಂಶೋಧನೆಯ ಆಸೆ ಇದ್ದವರಿಗೆ ಎಂ.ಎಸ್ಸಿ., ಎನ್‌ಇಟಿ, ಪಿಎಚ್‌ಡಿ ಅನಿವಾರ್ಯ. ಪದವಿ ಸೇರಿಸಿದರೆ ಒಂಬತ್ತು ಹತ್ತು ವರ್ಷದ ಹಾದಿ.

ಖಾಸಗಿ ಕೆಲಸ

ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳು ಕ್ಯಾಂಪಸ್ಸಿಗೆ ಬರುತ್ತವೆ, ಹೆಚ್ಚಾಗಿ ಕೃಷಿ ಪದವೀಧರರನ್ನು ಹುಡುಕಿಕೊಂಡು. ಕೆಲಸದ ಹೆಸರು ಏನೇ ಇರಲಿ, ಒಳಗೆ ಇರುವುದು ಮಾರಾಟ: ತಿಂಗಳ ಗುರಿ, ಬೈಕ್ ಮೇಲೆ ಓಡಾಟ, ಡೀಲರಿಂದ ಬಾಕಿ ವಸೂಲಿ. ಹಾವೇರಿ, ಧಾರವಾಡದ ಕಡೆ ಈ ಉದ್ಯೋಗ ಹೆಚ್ಚು. ಘಟ್ಟದ ಮೇಲೆ ಗೊಬ್ಬರ, ಔಷಧಿಯ ವ್ಯಾಪಾರವೆಲ್ಲ ಬಹುಮಟ್ಟಿಗೆ ಸಹಕಾರಿ ಸಂಘಗಳ ಕೈಯಲ್ಲಿದೆ. 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್‌ಎಸ್, ಕದಂಬ ಮಾರ್ಕೆಟಿಂಗ್‌ನಂಥ ಸಂಸ್ಥೆಗಳಿರುವ ಊರಿನಲ್ಲಿ ಕೃಷಿ ಪದವೀಧರನಿಗೆ ಸಿಗುವ ಖಾಸಗಿ ಕೆಲಸ ಎಂದರೆ ಬಹುತೇಕ ಸಂಘದ ಕೆಲಸವೇ. ಅರಣ್ಯ ಪದವೀಧರರಿಗೆ ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆ ರೈತರ ಜಮೀನಿನಲ್ಲಿ ಮರ ಬೆಳೆಸುವ ವಿಭಾಗ, ನಕ್ಷೆ ಸಮೀಕ್ಷೆಯ ಕಂಪನಿಗಳು, ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳು ಇವೆ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ.

ರೈತ ಉತ್ಪಾದಕ ಸಂಸ್ಥೆಯ ಸಿಇಒ ಹುದ್ದೆಗೂ ಕರೆ ಬರುತ್ತಿರುತ್ತದೆ. 2020ರ ಕೇಂದ್ರ ಯೋಜನೆಯಡಿ ಆ ಸಂಬಳಕ್ಕೆ ತಿಂಗಳಿಗೆ 25,000 ರೂಪಾಯಿವರೆಗೆ ನೆರವು ಇದ್ದದ್ದು ಮೂರು ವರ್ಷ ಮಾತ್ರ. ಸೇರುವ ಮೊದಲು ಆ ಸಂಸ್ಥೆಗೆ ಎಷ್ಟನೆಯ ವರ್ಷ, ಕಳೆದ ವರ್ಷದ ವಹಿವಾಟು ಎಷ್ಟು ಎಂದು ಕೇಳಿ. ಮೂರನೆಯ ವರ್ಷ ನಡೆಯುತ್ತಿದ್ದು ವಹಿವಾಟು ಕೆಲವೇ ಲಕ್ಷದ್ದಾದರೆ ಮುಂದಿನ ಸಂಬಳ ಬರುವ ದಾರಿಯೇ ಇಲ್ಲ.

ಸ್ವಂತ ಕೆಲಸಕ್ಕೆ ಪದವಿ ಬೇಕೇ

ಓದಿ ತೋಟಕ್ಕೇ ಮರಳುವ ಹುಡುಗನಿಗೆ ನಾಲ್ಕು ವರ್ಷದ ಪದವಿ ಬೇಕೇ ಎಂದು ಕೇಳಿದರೆ, ತೋಟ ಮಾತ್ರ ಮಾಡುವುದಾದರೆ ಬೇಡ. ಎಸ್ಸೆಸ್ಸೆಲ್ಸಿ ನಂತರ ಕೃಷಿ ವಿವಿಗಳು ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷದ ಡಿಪ್ಲೊಮಾ, ಶಿರಸಿ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳು ಸಾಕು. ಪದವಿ ದುಡ್ಡು ತರುವುದು ಇನ್ನೊಬ್ಬರಿಗೆ ಏನನ್ನಾದರೂ ಮಾರುವಾಗ: ಸಸಿ, ಔಷಧಿ, ಸಲಹೆ.

ಕೀಟನಾಶಕ ಅಂಗಡಿಯ ಪರವಾನಗಿಗೆ ಈಗ ವಿದ್ಯಾರ್ಹತೆ ಕಡ್ಡಾಯ. ಪದವಿ ಇಲ್ಲದವರು ಕೃಷಿ ಪರಿಕರ ಮಾರುವವರಿಗೆಂದೇ ಇರುವ 48 ವಾರಗಳ ‘ದೇಸಿ’ ಡಿಪ್ಲೊಮಾ ಮಾಡಬೇಕು, ಕೃಷಿ ಪದವೀಧರನಿಗೆ ಅದು ಬೇಕಿಲ್ಲ. ಹೊಳೆಹಿಪ್ಪಲಿ ಬೇರಿನ ಮೇಲೆ ಕಸಿ ಕಟ್ಟಿದ ಕಾಳುಮೆಣಸಿನ ಗಿಡಕ್ಕೆ ಘಟ್ಟದ ಮೇಲೆ ಬೇಡಿಕೆ ಇದೆ, ಸೊರಗು ರೋಗ ಅದಕ್ಕೆ ತಗಲುವುದು ಕಡಿಮೆ. ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಹಿಪ್ಪಲಿ ಬೇರು ತಡೆಯುವುದಿಲ್ಲ, ನೀರಾವರಿ ಇಲ್ಲದ ತೋಟಕ್ಕೆ ಮಾರಿದರೆ ಮರುವರ್ಷ ಗಿರಾಕಿ ಜಗಳಕ್ಕೆ ಬರುತ್ತಾನೆ. ಕರಾವಳಿಯಲ್ಲಿ 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಅಂಕೋಲೆಯ ಕರಿ ಇಶಾಡ ಮಾವಿನ ಕಸಿಗೆ, ಕುಮಟೆಯ ಮಾಣಿಕಟ್ಟಾ ಗಜನಿಯಲ್ಲಿ (ಉಪ್ಪು ನೀರು ನುಗ್ಗುವ ತಗ್ಗು ಗದ್ದೆ) ಉಪ್ಪು ನೀರು ತಡೆಯುವ ಕಗ್ಗ ಭತ್ತಕ್ಕೆ ಕೆಲಸ ಮಾಡುವವರು ಬೇಕಾಗಿದ್ದಾರೆ. ಎರಡರಲ್ಲೂ ದುಡ್ಡು ಹುಟ್ಟಲು ತಾಳ್ಮೆ ಬೇಕು.

ಬಂಡವಾಳಕ್ಕೆ ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆ 2002ರಿಂದ ಇದೆ. 45 ದಿನ ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಒಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ ಸಾಲ, ಅದರ ಮೇಲೆ ಸಾಮಾನ್ಯ ವರ್ಗಕ್ಕೆ ಶೇ. 36, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇ. 44 ಸಹಾಯಧನ. ತರಬೇತಿ ಮುಗಿಸಿದವರಲ್ಲಿ ಹಲವರು ಸಾಲದ ಹಂತದಲ್ಲೇ ನಿಲ್ಲುತ್ತಾರೆ. ಬ್ಯಾಂಕ್ ಅಡಮಾನ ಕೇಳುತ್ತದೆ, ಜಮೀನು ಅಪ್ಪನ ಹೆಸರಲ್ಲಿರುತ್ತದೆ. ತರಬೇತಿಗೆ ಅರ್ಜಿ ಹಾಕುವ ಮೊದಲೇ ಬ್ಯಾಂಕ್ ಮ್ಯಾನೇಜರ್ ಜೊತೆ ಕೂತು ಮಾತಾಡುವುದು ಲೇಸು.

ಆಪ್ಷನ್ ಎಂಟ್ರಿಯ ದಿನ

ನೌಕರಿಯೇ ಗುರಿಯಾದರೆ ಮೊದಲಿಗೆ ಎಲ್ಲ ಕೃಷಿ ಕಾಲೇಜುಗಳನ್ನು ಬರೆಯಿರಿ, ವಿಜಯಪುರ, ಭೀಮರಾಯನಗುಡಿಯನ್ನೂ ಬಿಡದೆ. ಆಮೇಲೆ ತೋಟಗಾರಿಕೆ. ನರ್ಸರಿ, ಸಂಸ್ಕರಣೆ, ಸಾಂಬಾರ ಬೆಳೆಗಳ ಕಡೆ ಮನಸ್ಸಿದ್ದರೆ ಶಿರಸಿ ತೋಟಗಾರಿಕೆಯನ್ನೇ ಮೇಲೆ ಬರೆಯಬಹುದು, ಅಲ್ಲಿ ಸುತ್ತಲಿನ ತೋಟಗಳೇ ಪ್ರಯೋಗಾಲಯ. ಅರಣ್ಯ ಬೇಡವಾದರೆ ಪಟ್ಟಿಯಲ್ಲಿ ಬರೆಯಲೇಬೇಡಿ, ಸಿಕ್ಕರೆ ನೋಡೋಣ ಎಂದು ಬರೆದದ್ದೇ ಸಿಕ್ಕಿಬಿಡುತ್ತದೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ ಬರುತ್ತವೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಶಿರಸಿ ತೋಟಗಾರಿಕೆ ಸಿಕ್ಕಿ ಧಾರವಾಡ ಕೃಷಿಗೆ ಕಾಯುವವರಿಗೆ ಎರಡನೆಯದು ಸರಿ. ಆದರೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದು ಯಾವುದೇ ಸಿಕ್ಕಿದರೂ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಎರಡನೇ ಆಯ್ಕೆ ಒತ್ತಿದ ಮೇಲೆ, ಶಿರಸಿಗಿಂತ ಮೇಲೆ ಬರೆದ ಪ್ರತಿ ಕಾಲೇಜಿಗೂ ಹೋಗಲು ನಿಜಕ್ಕೂ ತಯಾರಿದ್ದೀರಾ ಎಂದು ಮನೆಯವರ ಜೊತೆ ಕೂತು ನೋಡಿ, ಇಲ್ಲದಿದ್ದರೆ ಅವಧಿ ಮುಗಿಯುವ ಮೊದಲು ಆ ಸಾಲುಗಳನ್ನು ಅಳಿಸಿ.